ಪತಂಗದ ಹುಚ್ಚಿನ ಇಂಜಿನಿಯರ್

ವಿಮಾನ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬೋಯಿಂಗ್, ಏರ್‌ಬಸ್, ಇಲ್ಲಾಂದ್ರೆ ತೇಜಸ್. ಎಂಟು ಜನ ಕೂರುವ, ಎರಡು ಇಂಜಿನ್ನಿನ, ಹುಲ್ಲಿನ ಮೇಲೂ ಇಳಿಯುವ ಪುಟ್ಟ ವಿಮಾನದ ಪೋಸ್ಟರನ್ನು ಹಾಸ್ಟೆಲ್ ರೂಮಿನಲ್ಲಿ ಯಾರೂ ಅಂಟಿಸುವುದಿಲ್ಲ. ಆದರೆ ದ್ವೀಪದ ರೋಗಿಯನ್ನು ಆಸ್ಪತ್ರೆಗೆ ಒಯ್ಯೋದು, ರಸ್ತೆ ಇಲ್ಲದ ಊರಿಗೆ ಟಪಾಲು ಮುಟ್ಟಿಸೋದು ಇಂಥ ವಿಮಾನಗಳೇ. ಇವುಗಳ ಕತೆ ಹುಡುಕುತ್ತಾ ಹೋದಾಗ ನಮಗೆ ಮತ್ತೆ ಮತ್ತೆ ಸಿಕ್ಕ ಹೆಸರು ಸರ್ ಜೆಫ್ರಿ ಡಿ ಹ್ಯಾವಿಲೆಂಡ್.

ಅವರು ಹುಟ್ಟಿದ್ದು 1882ರ ಜುಲೈ 27ರಂದು, ಇಂಗ್ಲೆಂಡಿನಲ್ಲಿ. ಅಪ್ಪ ಪಾದ್ರಿ, ಮಗ ಹಿಡಿದದ್ದು ಇಂಜಿನಿಯರಿಂಗ್. ಓದು ಮುಗಿಸಿ ಬಸ್ಸು ತಯಾರಿಸುವ ಕಂಪನಿಯಲ್ಲಿ ಡ್ರಾಯಿಂಗ್ ಹಾಕುತ್ತಿದ್ದರು. ಆ ಕೆಲಸ ಬಿಟ್ಟು, ತಾಯಿಯ ಅಪ್ಪನಿಂದ 1,000 ಪೌಂಡ್ ತಗೊಂಡು, ಗೆಳೆಯ ಫ್ರ್ಯಾಂಕ್ ಹರ್ಲ್ ಜೊತೆ ವಿಮಾನ ಕಟ್ಟಲು ಕೂತರು. ಇಂಜಿನ್ನನ್ನೂ ತಾವೇ ಡಿಸೈನ್ ಮಾಡಿದರು. ರೆಕ್ಕೆಯ ಬಟ್ಟೆಯನ್ನು ಹೊಲಿದದ್ದು ಹೆಂಡತಿ ಲೂಯಿಸ್. 1909ರ ಡಿಸೆಂಬರಿನಲ್ಲಿ ಅದು ನೆಲ ಬಿಟ್ಟಿತು, ಕೆಲವೇ ಕ್ಷಣದಲ್ಲಿ ರೆಕ್ಕೆ ಮುರಿದು ಬಿತ್ತು. ಜೆಫ್ರಿಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಇಂಜಿನ್ ಕೂಡ ಉಳಿಯಿತು. ಅದೇ ಇಂಜಿನ್ ಹಾಕಿ ಎರಡನೇ ವಿಮಾನ ಕಟ್ಟಿ 1910ರಲ್ಲಿ ಹಾರಿಸಿದರು. ಹಾರೋದನ್ನು ಹೇಳಿಕೊಡಲು ಯಾರೂ ಇರಲಿಲ್ಲ, ತಾವೇ ಕಲಿತರು. ಫಾರ್ನ್‌ಬರೋದ ಸರ್ಕಾರಿ ಕಾರ್ಖಾನೆ ಆ ವಿಮಾನವನ್ನು 400 ಪೌಂಡಿಗೆ ಕೊಂಡು, ಇವರಿಗೂ ಕೆಲಸ ಕೊಟ್ಟಿತು. (ನಮ್ಮ ಆರ್‌ಸಿ ಪ್ಲೇನ್ ಗ್ರೌಂಡಿನಲ್ಲಿ ಮೂಗು ಮುರ್ಕೊಂಡಾಗ ನಾವು ಟೀಮನ್ನೇ ಮುಚ್ಚಿಬಿಟ್ಟಿದ್ದೆವು.)

ಮೊದಲ ಮಹಾಯುದ್ಧದಲ್ಲಿ ಬೇರೆಯವರ ಕಂಪನಿಗೆ ಯುದ್ಧವಿಮಾನ ಡಿಸೈನ್ ಮಾಡಿ, 1920ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಪತಂಗಗಳ ಹುಚ್ಚು ಅವರಿಗೆ. ಹಾಗಾಗಿ 1925ರ ಅಗ್ಗದ ಪುಟ್ಟ ವಿಮಾನಕ್ಕೆ ಇಟ್ಟ ಹೆಸರು ಮಾತ್, ಅಂದರೆ ಪತಂಗ. ಆಮೇಲೆ ಟೈಗರ್ ಮಾತ್, ಪುಸ್ ಮಾತ್ ಎಲ್ಲ ಬಂದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪುಸ್ ಮಾತ್‌ನಲ್ಲೇ. ಅಲ್ಲಿಂದ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೇಲೆ ಹಾದು ಅದನ್ನು ಮದ್ರಾಸಿಗೆ ಮುಟ್ಟಿಸಿದರು.

ಒಂದೇ ಇಂಜಿನ್ ಅಂದರೆ ಅದು ನಿಂತರೆ ಮುಗೀತು. ಎಡ್ವರ್ಡ್ ಹಿಲ್‌ಮನ್ ಅಂತ ಎಸೆಕ್ಸ್ ಕಡೆಯ ಬಸ್ ಮಾಲೀಕರಿದ್ದರು. ಪ್ಯಾರಿಸ್‌ಗೆ ಕಡಿಮೆ ಟಿಕೆಟ್ಟಿನಲ್ಲಿ ಜನರನ್ನು ಒಯ್ಯಲು ಅವರಿಗೆ ಎರಡು ಇಂಜಿನ್ನಿನ, ಖರ್ಚು ಕಮ್ಮಿಯ ವಿಮಾನ ಬೇಕಿತ್ತು. ಅದಕ್ಕೆ ಉತ್ತರವಾಗಿ 1932ರ ನವೆಂಬರಿನಲ್ಲಿ ಹಾರಿದ್ದು ಡ್ರ್ಯಾಗನ್: ಪ್ಲೈವುಡ್ ಪೆಟ್ಟಿಗೆಯಂಥ ಮೈ, ಬಟ್ಟೆ ಹೊದ್ದ ಜೋಡಿ ರೆಕ್ಕೆ, 130 ಹಾರ್ಸ್‌ಪವರಿನ ಎರಡು ಇಂಜಿನ್. 1934ರಲ್ಲಿ ಅದರ ತಮ್ಮ ಡ್ರ್ಯಾಗನ್ ರಾಪಿಡ್ ಬಂತು, 200 ಹಾರ್ಸ್‌ಪವರಿನ ಎರಡು ಇಂಜಿನ್ ಜೊತೆ. ಇಂಥವು 700ಕ್ಕೂ ಹೆಚ್ಚು ತಯಾರಾದವು.

ಇವುಗಳಿಂದ ಮಾಡಿಸದ ಕೆಲಸ ಇಲ್ಲ. 1933ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದಿಂದ ಕಾಯಿಲೆ ವಿಪರೀತವಾಗಿದ್ದ ಮೀನುಗಾರನೊಬ್ಬನನ್ನು ಗ್ಲಾಸ್ಗೋ ಆಸ್ಪತ್ರೆಗೆ ತಂದದ್ದು ಡ್ರ್ಯಾಗನ್. ಬ್ಯಾರಾ ದ್ವೀಪದಲ್ಲಿ ರನ್‌ವೇನೇ ಇಲ್ಲ, ರಾಪಿಡ್ ಸೀದಾ ಬೀಚಿನ ಮರಳಿನ ಮೇಲೆ ಇಳಿಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ರೇಡಿಯೊ, ನ್ಯಾವಿಗೇಶನ್ ಕಲಿಸುವ ಕ್ಲಾಸ್‌ರೂಮ್ ಆಯಿತು. ಆದರೆ 1936ರ ಜುಲೈನಲ್ಲಿ ಜನರಲ್ ಫ್ರಾಂಕೋನನ್ನು ಕೆನರಿ ದ್ವೀಪಗಳಿಂದ ಮೊರಾಕ್ಕೋಗೆ, ಅಂದರೆ ಸ್ಪೇನಿನ ಅಂತರ್ಯುದ್ಧಕ್ಕೆ, ಕರೆದೊಯ್ದದ್ದೂ ಒಂದು ರಾಪಿಡ್ಡೇ. ಉಪಯೋಗಕ್ಕೆ ಬರುವ ವಸ್ತು ಯಾರ ಉಪಯೋಗಕ್ಕೂ ಬರುತ್ತೆ. ಇದು ನಮಗೆ ಸ್ವಲ್ಪ ಕಸಿವಿಸಿ ಮಾಡಿತು.

ಮರ ಮತ್ತು ಎರಡು ಇಂಜಿನ್, ಇದೇ ನಂಬಿಕೆಯಿಂದ 1940ರಲ್ಲಿ ಮಸ್ಕೀಟೊ ಬಾಂಬರ್ ಹುಟ್ಟಿತು. ಅದರ ಬೆಲೆಯನ್ನು ಮನೆಯವರೇ ತೆತ್ತರು. ಮಗ ಜಾನ್ 1943ರಲ್ಲಿ ಎರಡು ಮಸ್ಕೀಟೊಗಳು ಆಕಾಶದಲ್ಲಿ ಡಿಕ್ಕಿ ಹೊಡೆದಾಗ ತೀರಿಕೊಂಡರು. ದೊಡ್ಡ ಮಗ ಜೆಫ್ರಿ 1946ರಲ್ಲಿ ಕಂಪನಿಯ ಪ್ರಾಯೋಗಿಕ ಜೆಟ್ ಹಾರಿಸುತ್ತಿದ್ದಾಗ, ಅದು ಥೇಮ್ಸ್ ನದೀಮುಖದ ಮೇಲೆ ಚೂರಾಯಿತು. ರೆಕ್ಕೆ ಹೊಲಿದಿದ್ದ ಲೂಯಿಸ್ 1949ರಲ್ಲಿ ಹೋದರು. ಅದೇ ವರ್ಷ ಜುಲೈ 27ರಂದು, ಅವರ ಹುಟ್ಟುಹಬ್ಬದ ದಿನವೇ, ಕಂಪನಿಯ ಕಾಮೆಟ್ ಜೆಟ್ ಮೊದಲ ಸಲ ಹಾರಿತು. 1954ರಲ್ಲಿ ಎರಡು ಕಾಮೆಟ್‌ಗಳು ಸಮುದ್ರಕ್ಕೆ ಬಿದ್ದದ್ದು, ಅದಕ್ಕೆ ಮೆಟಲ್ ಫಟೀಗ್ ಕಾರಣ ಅಂತ ಫಾರ್ನ್‌ಬರೋದ ನೀರಿನ ಟ್ಯಾಂಕಿನಲ್ಲಿ ಪತ್ತೆ ಹಚ್ಚಿದ್ದು ನಮ್ಮ ಕ್ಲಾಸಿನಲ್ಲೇ ಬರುತ್ತೆ. ಆ ಹೆಸರಿನ ಹಿಂದೆ ಇಬ್ಬರು ಮಕ್ಕಳನ್ನು ಕಳಕೊಂಡ ಒಬ್ಬ ಅಪ್ಪ ಇದ್ದ ಅಂತ ಮಾತ್ರ ನಮಗೆ ಗೊತ್ತಿರಲಿಲ್ಲ.

1928ರಲ್ಲೇ ಕಂಪನಿ ಕೆನಡಾದಲ್ಲಿ ಒಂದು ಶಾಖೆ ತೆರೆದಿತ್ತು. ಅಲ್ಲಿನವರು ಹಿಮ, ನೀರು, ಗುಡ್ಡ ಎಲ್ಲದಕ್ಕೂ ಆಗುವ ಟ್ವಿನ್ ಆಟರ್ ಎಂಬ ಎರಡು ಇಂಜಿನ್ನಿನ ವಿಮಾನ ಕಟ್ಟಿದರು. ಅದು ಮೊದಲು ಹಾರಿದ್ದು 1965ರ ಮೇ 20ರಂದು. ಮರುದಿನ, ಮೇ 21ಕ್ಕೆ, ಜೆಫ್ರಿ ಡಿ ಹ್ಯಾವಿಲೆಂಡ್ ತೀರಿಕೊಂಡರು. ಮೊದಲ ವಿಮಾನ ಮುರಿದುಬಿದ್ದ ಬಯಲಿನ ಮೇಲೆಯೇ ಅವರ ಚಿತಾಭಸ್ಮವನ್ನು ವಿಮಾನದಿಂದ ಚೆಲ್ಲಿದರು.

ಟ್ವಿನ್ ಆಟರ್ ಮಾಲ್ಡೀವ್ಸ್‌ನ ನೀರಿನ ಮೇಲೂ, ಅಂಟಾರ್ಕ್ಟಿಕಾದ ಹಿಮದ ಮೇಲೂ ಇಳಿಯುತ್ತೆ. ಬ್ಯಾರಾದ ಮರಳಿನ ಮೇಲೂ ಈಗ ಇಳಿಯೋದು ಅದೇ. ಅಲ್ಲಿನ ಟೈಮ್‌ಟೇಬಲನ್ನು ಸಮುದ್ರದ ಉಬ್ಬರ-ಇಳಿತ ನೋಡಿಕೊಂಡು ಹಾಕುತ್ತಾರೆ.