ಹೆರಾಲ್ಡ್ ಎಡ್ಜರ್ಟನ್: ರೆಕ್ಕೆಯ ವೇಗವನ್ನು ಗೆದ್ದ ಬೆಳಕು

ಧಾರವಾಡದ ಹಿತ್ತಿಲುಗಳಲ್ಲಿ ದಾಸವಾಳದ ಮಕರಂದವನ್ನು ಹೀರುವ ಸೂರಕ್ಕಿಯನ್ನು ಕಾಣದವರು ವಿರಳ. ಅದು ಹಾರುವಾಗ ಛಾಯಾಚಿತ್ರ ತೆಗೆಯಹೋದವರಿಗೆ ಬಹುಶಃ ದೊರೆಯುವುದು ಮಸುಕಾದ ರೆಕ್ಕೆಗಳೇ. ಅಮೇರಿಕಾ ಖಂಡಗಳಲ್ಲಿ ಮಾತ್ರ ವಾಸಿಸುವ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಪಕ್ಷಿಯ ವೇಗವಂತೂ ಇನ್ನೂ ಅಚ್ಚರಿಯದು. ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಸೆಕೆಂಡಿಗೆ ಸುಮಾರು 50 ಸಲ ಬಡಿಯುವ ಅದರ ರೆಕ್ಕೆಯನ್ನು ಬರಿಗಣ್ಣು ಗ್ರಹಿಸಲಾರದು. ಆ ರೆಕ್ಕೆಯನ್ನು ಚಿತ್ರದಲ್ಲಿ ನಿಶ್ಚಲಗೊಳಿಸಿದ ಹೆರಾಲ್ಡ್ ಎಡ್ಜರ್ಟನ್‌ರ ಚರಿತ್ರೆಯು ನಮ್ಮ ವಾಚಕರಿಗೆ ಬೋಧಪ್ರದವಾದೀತೆಂದು ನಾವು ನಂಬುತ್ತೇವೆ.

ಎಡ್ಜರ್ಟನ್‌ರು 1903ನೆಯ ಏಪ್ರಿಲ್ 6ರಂದು ಅಮೇರಿಕೆಯ ನೆಬ್ರಾಸ್ಕಾ ಪ್ರಾಂತದಲ್ಲಿ ಜನಿಸಿದರು. 1925ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಪದವಿ ಪಡೆದು, ಬಳಿಕ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಸೇರಿ, 1931ರಲ್ಲಿ ಡಾಕ್ಟರೇಟ್ ಗಳಿಸಿದರು. ಆಗ ಅವರ ಚಿತ್ತದಲ್ಲಿ ಪಕ್ಷಿಯಿರಲಿಲ್ಲ, ವಿದ್ಯುತ್ ಮೋಟಾರಿತ್ತು. ಭರದಿಂದ ತಿರುಗುವ ಯಂತ್ರದ ಒಳನಡತೆಯನ್ನು ಕಾಣಲೆಂದೇ ಅವರು ಲಯಬದ್ಧವಾಗಿ ಮಿಂಚುವ ದೀಪವನ್ನು ಅದರ ಮೇಲೆ ಹಾಯಿಸಿದರು. ತಿರುಗುವ ಚಕ್ರ ನಿಂತಂತೆ ತೋರಿತು.

ಇದರ ಮರ್ಮ ಸರಳವಾದುದು. ವಿದ್ಯುಚ್ಛಕ್ತಿಯನ್ನು ಕಂಡೆನ್ಸರಿನಲ್ಲಿ ಕೂಡಿಟ್ಟು, ಅನಿಲ ತುಂಬಿದ ಗಾಜಿನ ನಳಿಗೆಯಲ್ಲಿ ಒಮ್ಮೆಗೇ ಹರಿಯಬಿಟ್ಟರೆ ಅತಿ ಪ್ರಖರವಾದ ಬೆಳಕು ಕ್ಷಣಾಂಶ ಮಾತ್ರ ಬೆಳಗುವುದು. ಕ್ಯಾಮರಾದ ಬಾಗಿಲು ಎಷ್ಟು ಹೊತ್ತು ತೆರೆದಿದ್ದರೂ, ಸುತ್ತಲ ಬೆಳಕು ಮಂದವಾಗಿದ್ದರೆ, ಚಿತ್ರ ಮೂಡುವುದು ಆ ಕ್ಷಣಾಂಶದಲ್ಲಿಯೇ. ಸೆಕೆಂಡಿನ ಹತ್ತು ಸಾವಿರದ ಒಂದಂಶಕ್ಕಿಂತಲೂ ಅಲ್ಪಕಾಲ ಬೆಳಗುವ ಈ ಮಿಂಚಿನ ಮುಂದೆ ಹಕ್ಕಿಯ ರೆಕ್ಕೆಯೂ ಅಲುಗಲು ಅವಕಾಶ ಪಡೆಯದು.

1936ರಷ್ಟು ಹಿಂದೆಯೇ ಅವರು ಹಮ್ಮಿಂಗ್‌ಬರ್ಡ್‌ಗಳನ್ನು ಹೀಗೆ ಚಿತ್ರಿಸಿದ್ದರು. ನಮ್ಮ ದೇಶವು ಸ್ವತಂತ್ರವಾದ 1947ರ ಆಗಸ್ಟ್ ತಿಂಗಳಲ್ಲಿಯೇ ಅವರ ಪಕ್ಷಿಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾದವು. ಗರಿಗರಿಯೂ ಎಣಿಸುವಷ್ಟು ಸ್ಪಷ್ಟವಾಗಿ, ರೆಕ್ಕೆಯು ಮುಂದಕ್ಕೂ ಹಿಂದಕ್ಕೂ ಹೊರಳುವ ಬಗೆಯು ಇಂಥ ಚಿತ್ರಗಳಿಂದ ಜನರಿಗೆ ಗೋಚರವಾಯಿತು.

ಆದರೆ ಈ ಬೆಳಕು ಹಕ್ಕಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. 1944ರಲ್ಲಿ ನಾರ್ಮಂಡಿಯ ಆಕ್ರಮಣದ ಮುನ್ನ ವಿಮಾನದಿಂದ ರಾತ್ರಿಯಲ್ಲಿ ಶತ್ರುನೆಲದ ಚಿತ್ರ ತೆಗೆಯಲು ಅದೇ ದೀಪ ಬಳಕೆಗೆ ಬಂತು. ಯುದ್ಧಾನಂತರ ಎಡ್ಜರ್ಟನ್‌ರೂ ಅವರ ಸಹಕಾರಿಗಳೂ ಅಣುಬಾಂಬಿನ ಸ್ಫೋಟವನ್ನು ಚಿತ್ರಿಸುವ ಕ್ಯಾಮರಾಗಳನ್ನು ನಿರ್ಮಿಸಿದರು. ಹೂವಿನ ಮುಂದಿನ ಪಕ್ಷಿಯನ್ನೂ ಸರ್ವನಾಶದ ಬೆಂಕಿಯುಂಡೆಯನ್ನೂ ಒಬ್ಬನೇ ಪುರುಷನ ವಿದ್ಯೆ ಹಿಡಿದು ತೋರಿಸಿತು. ವಿದ್ಯೆಯು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದನ್ನು ಯಾವ ಕಾರ್ಯಕ್ಕೆ ಹೂಡಬೇಕೆಂಬ ಹೊಣೆ ವಿದ್ಯಾವಂತರದೂ ಅವರನ್ನು ಪೋಷಿಸುವ ರಾಷ್ಟ್ರದ್ದೂ ಆಗಿದೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

1953ರಿಂದ ಅವರು ಕೂಸ್ಟೋ ಎಂಬ ಫ್ರೆಂಚ್ ಸಮುದ್ರಾನ್ವೇಷಕರೊಡನೆ ಸೇರಿ ಕಡಲಿನ ಆಳಕ್ಕೂ ಆ ಬೆಳಕನ್ನು ಒಯ್ದರು. 1990ನೆಯ ಜನವರಿ 4ರಂದು, ತಾವು ದುಡಿದ ವಿದ್ಯಾಸಂಸ್ಥೆಯ ಆವರಣದಲ್ಲಿಯೇ ನಿಧನರಾದರು.

ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಿಂದ ಮೊದಲ್ಗೊಂಡು ನಮ್ಮ ಅವಳಿ ನಗರದಲ್ಲಿ ಮೋಟಾರಿನ ವಿದ್ಯೆ ಕಲಿತವರಿಗೆ ಕೊರತೆಯಿಲ್ಲ. ಮೋಟಾರನ್ನು ಓದುತ್ತಲೇ ಕಿಟಕಿಯಾಚೆಯ ದಾಸವಾಳದತ್ತಲೂ ಕಣ್ಣೆತ್ತಿ ನೋಡುವ ಕುತೂಹಲವನ್ನು ನಮ್ಮ ಅಧ್ಯಾಪಕರು ಶಿಷ್ಯರಲ್ಲಿ ಬೆಳೆಸಲಿ. ನಮ್ಮ ಸೂರಕ್ಕಿಯು ಇಂಥ ಒಬ್ಬನಿಗಾಗಿ ಕಾದಿದೆ.