ಮೇಡಂ ವಾಕರ್

ನಮ್ಮ ಮನೆ ಇರುವುದು ಬೆಂಗಳೂರಿನ ಪೀಣ್ಯಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದಲ್ಲಿ. ಬೆಳಗಾದರೆ ಲೇತ್ ಯಂತ್ರಗಳ ಸದ್ದು. ಸಂಜೆಯಾದರೆ ಗಾರ್ಮೆಂಟ್ಸ್ ಬಿಟ್ಟು ಬರುವ ಹೆಂಗಸರ ಗುಂಪು. ಇವೆರಡರ ನಡುವೆ ನಮ್ಮ ಬೀದಿಯ ದಿನ ಸರಿಯುತ್ತದೆ. ಆ ಬೀದಿಯಿಂದ ಪದವಿ ತರಗತಿಯವರೆಗೆ ಬಂದವರು ಕೆಲವರೇ. ಅವರಲ್ಲಿ ನಾನೂ ಒಬ್ಬನೆಂಬ ಹೆಮ್ಮೆ ನನಗಿತ್ತು.

ಕಳೆದ ವರ್ಷ ನನ್ನ ತಂಗಿ ಎಸ್.ಎಸ್.ಎಲ್.ಸಿ. ಮುಗಿಸಿದಳು. ಪಿ.ಯು.ಸಿ.ಗೆ ಸೇರುವುದಿಲ್ಲ, ಐ.ಟಿ.ಐ. ಸೇರಿ ಕಾಸ್ಮೆಟಾಲಜಿ ಕಲಿಯುತ್ತೇನೆ ಎಂದು ಹೇಳಿದಳು. ಕೂದಲು, ಚರ್ಮ, ಉಗುರುಗಳ ಆರೈಕೆಯನ್ನು ಕಲಿಸುವ ಒಂದು ವರ್ಷದ ತರಬೇತಿ ಅದು. ಕಂಡವರ ತಲೆ ಮುಟ್ಟುವ ಕೆಲಸ ನಮ್ಮ ಮನೆಗೆ ತಕ್ಕುದಲ್ಲವೆಂದು ದೊಡ್ಡಪ್ಪನವರು ಗದರಿದರು. ಅಪ್ಪ ಏನೂ ಹೇಳಲಿಲ್ಲ. ನಾನಾದರೋ ಅದೂ ಒಂದು ವಿದ್ಯೆಯೇ ಎಂದು ನಕ್ಕುಬಿಟ್ಟೆ. ತಂಗಿ ಎದ್ದು ಒಳಗೆ ಹೋದಳು. ಹಲವು ದಿನ ನನ್ನೊಡನೆ ಮಾತನಾಡಲಿಲ್ಲ.

ಅದೇ ದಿನಗಳಲ್ಲಿ, ಅಮೆರಿಕದ ಚರಿತ್ರೆಯನ್ನು ಓದುತ್ತಿದ್ದ ನನಗೆ ಮೇಡಂ ಸಿ. ಜೆ. ವಾಕರ್ ಎಂಬ ಹೆಣ್ಣುಮಗಳ ಪರಿಚಯವಾಯಿತು. ಆಕೆ ತೀರಿಕೊಂಡು ನೂರು ವರ್ಷಗಳಿಗೂ ಮೇಲಾಗಿದೆ. ಆದರೂ ನನ್ನ ನಗೆಗೆ ಆಕೆ ಅಲ್ಲಿಂದಲೇ ಉತ್ತರ ಕೊಟ್ಟಂತಾಯಿತು. ಆಕೆಯ ಬಾಳಿನ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಆಕೆಯ ಹುಟ್ಟುಹೆಸರು ಸಾರಾ ಬ್ರೀಡ್‌ಲವ್. ಹುಟ್ಟಿದ್ದು 1867ರ ಡಿಸೆಂಬರ್ 23ರಂದು, ಲೂಸಿಯಾನಾ ಪ್ರಾಂತದ ಡೆಲ್ಟಾ ಎಂಬ ಊರಿನ ಹತ್ತಿ ತೋಟವೊಂದರಲ್ಲಿ. ತಂದೆತಾಯಿಗಳು ಅದೇ ತೋಟದಲ್ಲಿ ಗುಲಾಮರಾಗಿದ್ದವರು. ಗುಲಾಮಗಿರಿ ರದ್ದಾದ ಮೇಲೆ ಆ ಮನೆಯಲ್ಲಿ ಹುಟ್ಟಿದ ಮೊದಲ ಮಗು ಈಕೆ. ಸ್ವಾತಂತ್ರ್ಯವೇನೋ ಬಂದಿತ್ತು, ಅನ್ನ ಬಂದಿರಲಿಲ್ಲ. ಏಳನೆಯ ವಯಸ್ಸಿನಲ್ಲೇ ಸಾರಾ ತಬ್ಬಲಿಯಾದಳು. ಅಕ್ಕನ ಆಸರೆಯಲ್ಲಿ ಬೆಳೆದಳು. ಭಾವನ ಕಾಟ ತಾಳಲಾರದೆ ಹದಿನಾಲ್ಕನೆಯ ವಯಸ್ಸಿಗೇ ಮದುವೆಯಾದಳು. 1885ರಲ್ಲಿ ಲೀಲಿಯಾ ಎಂಬ ಮಗಳು ಹುಟ್ಟಿದಳು. ಎರಡು ವರ್ಷಗಳ ತರುವಾಯ ಗಂಡನೂ ತೀರಿಕೊಂಡನು. ಇಪ್ಪತ್ತು ವರ್ಷದ ವಿಧವೆ, ಕಂಕುಳಲ್ಲಿ ಕೂಸು. ಓದು ಬರಹವೆಂದರೆ ಕೆಲವು ತಿಂಗಳು ಕಲಿತ ಅಕ್ಷರ ಮಾತ್ರ.

ಸೇಂಟ್ ಲೂಯಿ ನಗರದಲ್ಲಿ ಆಕೆಯ ಅಣ್ಣಂದಿರು ಕ್ಷೌರದ ಅಂಗಡಿ ನಡೆಸುತ್ತಿದ್ದರು. ಸಾರಾ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹೋಗಿ ಹಿಡಿದದ್ದು ಊರವರ ಬಟ್ಟೆ ಒಗೆಯುವ ಕೆಲಸ. ಕುದಿಯುವ ನೀರು, ಕಾರದ ಸಾಬೂನು, ಬೆನ್ನು ಬಗ್ಗಿಸಿದ ದುಡಿಮೆ. ಇದರಲ್ಲಿ ಸುಮಾರು ಹದಿನೆಂಟು ವರ್ಷ ಕಳೆದುಹೋದವು. ಕೂಲಿ ದಿನಕ್ಕೆ ಒಂದು ಡಾಲರಿಗಿಂತ ತುಸು ಹೆಚ್ಚು. ಅದರಲ್ಲೇ ಉಳಿಸಿ ಮಗಳನ್ನು ಓದಿಸಿದಳು.

ಈ ನಡುವೆ ಆಕೆಯ ತಲೆಗೂದಲು ಉದುರತೊಡಗಿತು. ಆ ಕಾಲದಲ್ಲಿ ಬಡವರ ಮನೆಗಳಿಗೆ ನಲ್ಲಿಯ ನೀರಿರಲಿಲ್ಲ. ತಲೆ ತೊಳೆಯುವುದು ಅಪರೂಪ. ಹೊಟ್ಟು ಕಟ್ಟಿ, ನೆತ್ತಿ ಹುಣ್ಣಾಗಿ ಕೂದಲು ಕಳೆದುಕೊಂಡ ಹೆಂಗಸರು ಬಹಳ ಮಂದಿ ಇದ್ದರು. ಸಾರಾ ಸಿಕ್ಕಿದ ಔಷಧಗಳನ್ನೆಲ್ಲ ಹಚ್ಚಿ ನೋಡಿದಳು. ಆನೀ ಟರ್ನ್‌ಬೋ ಮಲೋನ್ ಎಂಬ ಇನ್ನೊಬ್ಬ ಕಪ್ಪು ಮಹಿಳೆ ಕೂದಲಿನ ಔಷಧ ತಯಾರಿಸಿ ಮಾರುತ್ತಿದ್ದಳು. ಸಾರಾ ಕೆಲವು ಕಾಲ ಆಕೆಯ ಕೈಕೆಳಗೆ ಮಾರಾಟ ಮಾಡಿದಳು. 1905ರಲ್ಲಿ ಡೆನ್ವರ್ ನಗರಕ್ಕೆ ಹೋಗಿ, ಹೊಟ್ಟೆಪಾಡಿಗೆ ಅಡಿಗೆ ಕೆಲಸ ಮಾಡುತ್ತಲೇ ತನ್ನದೇ ಮುಲಾಮನ್ನು ಸಿದ್ಧಪಡಿಸಿದಳು. ಅದರಲ್ಲಿ ಮುಖ್ಯವಾದದ್ದು ಗಂಧಕ. ನೆತ್ತಿಯ ರೋಗಕ್ಕೆ ಗಂಧಕವನ್ನು ವೈದ್ಯರು ಮೊದಲಿನಿಂದಲೂ ಬಳಸುತ್ತಿದ್ದರು. ಮುಲಾಮಿನ ಪಾಕ ತನಗೆ ಕನಸಿನಲ್ಲಿ ತಿಳಿಯಿತೆಂದು ಆಕೆ ಹೇಳುತ್ತಿದ್ದಳು. ಅದು ತನ್ನಿಂದ ಕದ್ದದ್ದೆಂದು ಮಲೋನ್ ಆಕ್ಷೇಪಿಸಿದಳು. ಈ ಜಗಳವನ್ನು ಮರೆಮಾಚಿ ಚರಿತ್ರೆ ಬರೆಯುವುದು ನ್ಯಾಯವಲ್ಲ. ಮಲೋನಳೂ ಮುಂದೆ ದೊಡ್ಡ ವಿದ್ಯಾಲಯವೊಂದನ್ನು ಕಟ್ಟಿದ ಮಹಾ ಸಾಹಸಿಯೇ.

1906ರಲ್ಲಿ ಸಾರಾ, ಪತ್ರಿಕಾ ಜಾಹೀರಾತಿನ ಕೆಲಸದಲ್ಲಿದ್ದ ಚಾರ್ಲ್ಸ್ ಜೋಸೆಫ್ ವಾಕರನನ್ನು ವರಿಸಿ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ವ್ಯಾಪಾರಕ್ಕೆ ಇಳಿದಳು. ಆ ಮದುವೆ ಬಹುಕಾಲ ಉಳಿಯಲಿಲ್ಲ, ಹೆಸರು ಉಳಿಯಿತು. ಆ ನಾಡಿನ ಬಿಳಿಯರು ಕಪ್ಪು ಹೆಂಗಸರನ್ನು, ಅವರು ಎಷ್ಟೇ ಹಿರಿಯರಾದರೂ, ಬರಿಯ ಹೆಸರು ಹಿಡಿದು ಕೂಗುತ್ತಿದ್ದರು. ಮೇಡಂ ಎಂಬ ಮಾತು ಹೆಸರಿನೊಳಗೇ ಸೇರಿದ ಮೇಲೆ ಆಕೆಯನ್ನು ಹಾಗೆ ಕೂಗುವಂತಿರಲಿಲ್ಲ.

ಮನೆಮನೆಗೆ ಹೋಗಿ ಮುಲಾಮು ಮಾರಿದವರು ಆಕೆಗಿಂತ ಮೊದಲೂ ಇದ್ದರು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆಕೆ ತೆರೆದ ಶಾಲೆ. 1908ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಗಳ ಹೆಸರಿನಿಂದ ಲೀಲಿಯಾ ಕಾಲೇಜನ್ನು ಆರಂಭಿಸಿದಳು. ತಲೆ ತೊಳೆಯುವ ಕ್ರಮ, ನೆತ್ತಿಯ ಆರೈಕೆ, ಕೂದಲು ಬಾಚಿ ಒಪ್ಪಮಾಡುವ ಬಗೆ, ಶುಚಿತ್ವ, ಗಿರಾಕಿಯೊಡನೆ ನಡೆದುಕೊಳ್ಳುವ ರೀತಿ, ಇವೆಲ್ಲವೂ ಅಲ್ಲಿ ಪಾಠಗಳಾದವು. ದೂರದವರು 25 ಡಾಲರ್ ಶುಲ್ಕ ಕೊಟ್ಟು ಅಂಚೆಯ ಮೂಲಕವೂ ಕಲಿಯಬಹುದಾಗಿತ್ತು. ಕಲಿತವರಿಗೆ ಪ್ರಮಾಣಪತ್ರ. ಪತ್ರ ಪಡೆದವಳು ತನ್ನ ಮನೆಯ ಮುಂಗೋಣೆಯಲ್ಲೇ ಅಂಗಡಿ ತೆರೆಯಬಹುದು, ಊರೂರು ತಿರುಗಿ ಮಾರಬಹುದು, ಇಲ್ಲವೆ ಇತರರಿಗೆ ಕಲಿಸಬಹುದು. ಒಗೆತ, ಅಡಿಗೆ, ಹೊಲದ ಕೂಲಿ. ಇವನ್ನು ಬಿಟ್ಟರೆ ಬೇರೆ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಹೆಂಗಸರಿಗೆ ಇದು ಎಂತಹ ದೊಡ್ಡ ಮಾತೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ಬಟ್ಟೆ ಒಗೆದು ವಾರವಿಡೀ ಗಳಿಸುತ್ತಿದ್ದುದನ್ನು ಕೆಲವರು ಒಂದೆರಡು ದಿನಗಳಲ್ಲಿ ಗಳಿಸಿದರು; ಸ್ವಂತ ಮನೆ ಕೊಂಡರು; ಮಕ್ಕಳನ್ನು ಓದಿಸಿದರು.

1910ರಲ್ಲಿ ಆಕೆ ಇಂಡಿಯಾನಾಪೊಲಿಸ್ ನಗರಕ್ಕೆ ಬಂದು ಕಾರ್ಖಾನೆ ಕಟ್ಟಿದಳು. ಅಷ್ಟು ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಆದರೂ ತನ್ನ ಓದು ಸಾಲದೆಂದು ಮನಗಂಡು, ಉಪಾಧ್ಯಾಯಿನಿಯೊಬ್ಬಳನ್ನು ನೇಮಿಸಿಕೊಂಡು ಬರಹ, ಭಾಷೆಗಳನ್ನು ತಿದ್ದಿಕೊಂಡಳು. ಸಾವಿರಾರು ಮಂದಿಗೆ ಗುರುವಾದವಳು ತಾನು ಶಿಷ್ಯೆಯಾಗಲು ನಾಚಲಿಲ್ಲ.

1912ರಲ್ಲಿ ಷಿಕಾಗೋ ನಗರದಲ್ಲಿ ಕಪ್ಪು ವರ್ತಕರ ಮಹಾಸಭೆ ನಡೆಯಿತು. ಅಧ್ಯಕ್ಷ ಬೂಕರ್ ಟಿ. ವಾಷಿಂಗ್ಟನ್ ಮಹಾಶಯನು ಕೂದಲಿನ ವ್ಯಾಪಾರವನ್ನು ಅಷ್ಟಾಗಿ ಗೌರವಿಸುತ್ತಿರಲಿಲ್ಲ. ಮೇಡಂ ವಾಕರಳಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಆಕೆ ತಾನಾಗಿಯೇ ಎದ್ದು ನಿಂತಳು. ಹತ್ತಿಯ ಹೊಲದಿಂದ ಒಗೆಯುವ ತೊಟ್ಟಿಗೆ, ತೊಟ್ಟಿಯಿಂದ ಅಡಿಗೆಮನೆಗೆ, ಅಲ್ಲಿಂದ ಸ್ವಂತ ನೆಲದ ಮೇಲೆ ಕಟ್ಟಿದ ಸ್ವಂತ ಕಾರ್ಖಾನೆಗೆ ತಾನು ನಡೆದು ಬಂದ ದಾರಿಯನ್ನು ಸಭೆಗೆ ತಿಳಿಸಿದಳು. ಮರುವರ್ಷದ ಸಭೆಗೆ ಅದೇ ವಾಷಿಂಗ್ಟನ್ ಆಕೆಯನ್ನು ಭಾಷಣಕಾರಳಾಗಿ ಆಹ್ವಾನಿಸಿದನು. ಇದನ್ನು ಓದುವಾಗ ನನಗೆ ನಮ್ಮ ದೊಡ್ಡಪ್ಪನವರ ನೆನಪಾಯಿತು. ನನ್ನ ನೆನಪೂ ಆಯಿತು.

1917ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಆಕೆ ತನ್ನ ಶಿಷ್ಯೆಯರ ಸಮ್ಮೇಳನವನ್ನು ಕರೆದಳು. ಇನ್ನೂರಕ್ಕೂ ಹೆಚ್ಚು ಮಂದಿ ಕೂಡಿದ್ದರು. ಹೆಚ್ಚು ಮಾರಿದವರಿಗೆ ಬಹುಮಾನ ಕೊಟ್ಟಂತೆ ಹೆಚ್ಚು ದಾನ ಮಾಡಿದವರಿಗೂ ಬಹುಮಾನ ಕೊಟ್ಟಳು. ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ತಡೆಯಬೇಕೆಂದು ಅದೇ ವರ್ಷ ಮನವಿ ಹಿಡಿದು ರಾಷ್ಟ್ರಾಧ್ಯಕ್ಷನ ಭವನಕ್ಕೆ ಹೋದ ನಿಯೋಗದಲ್ಲಿ ಆಕೆಯೂ ಇದ್ದಳು. ಅಧ್ಯಕ್ಷ ವಿಲ್ಸನ್ ಅವರನ್ನು ಕಾಣಲಿಲ್ಲ. ಆಕೆ ಎದೆಗುಂದದೆ ಆ ಹೋರಾಟಕ್ಕೆ 1919ರಲ್ಲಿ 5,000 ಡಾಲರ್ ವಾಗ್ದಾನ ಮಾಡಿದಳು.

1919ರ ಮೇ 25ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ರಕ್ತದೊತ್ತಡದಿಂದ ಮೂತ್ರಪಿಂಡಗಳು ಕೆಟ್ಟು ಆಕೆ ತೀರಿಕೊಂಡಳು. ಮುಂದಿನ ನಿವ್ವಳ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ಧರ್ಮಕಾರ್ಯಗಳಿಗೆ ಸಲ್ಲಬೇಕೆಂದು ಉಯಿಲು ಬರೆದಿಟ್ಟಿದ್ದಳು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಗುಂಗುರು ಕೂದಲನ್ನು ನೇರಮಾಡಿ ಬಿಳಿಯರ ಚೆಲುವನ್ನು ಅನುಕರಿಸುವುದನ್ನು ಆಕೆ ಕಲಿಸಿದಳೆಂದು ಟೀಕಿಸಿದವರುಂಟು. ಕೂದಲನ್ನು ಆರೋಗ್ಯವಾಗಿ ಬೆಳೆಸುವುದೇ ತನ್ನ ಉದ್ದೇಶವೆಂಬುದು ಆಕೆಯ ಉತ್ತರವಾಗಿತ್ತು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಬಿಳುಪೇ ಚೆಲುವೆಂದು ನಂಬಿ ಕ್ರೀಮು ಕೊಳ್ಳುವ ನಮ್ಮ ನಾಡಿನಲ್ಲೂ ಅದು ಯೋಚಿಸತಕ್ಕ ವಿಷಯವೇ.

ಇಷ್ಟನ್ನು ಓದಿ ಮುಗಿಸಿದ ದಿನ ನಾನು ಮೆಟ್ರೋದಲ್ಲಿ ಮನೆಗೆ ಮರಳುತ್ತಿದ್ದೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ಬಂತು. ಮೇಡಂ ವಾಕರ್ ಬದುಕಿದ್ದಾಗಲೇ, 1916ರಲ್ಲಿ, ನಮ್ಮ ಮೈಸೂರು ಸಂಸ್ಥಾನವೂ ಗಂಧದೆಣ್ಣೆಯ ಉದ್ಯಮಕ್ಕೆ ಕೈಹಾಕಿತ್ತು. ಆ ಸಾಬೂನನ್ನು ನಾವು ಹೆಮ್ಮೆಯಿಂದ ನೆಂಟರಿಗೆ ಕೊಡುತ್ತೇವೆ. ಸಾಬೂನಿಗೆ ಗೌರವ, ಅದನ್ನು ಹಚ್ಚಿ ತೊಳೆಯುವ ಕೈಗೆ ಅಗೌರವ! ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಹೇಳಿದ ಶರಣರ ನಾಡಿನಲ್ಲಿ ಹುಟ್ಟಿದ ನನಗೆ ನಾಚಿಕೆಯಾಯಿತು.

ಆ ರಾತ್ರಿ ಈ ಕಥೆಯನ್ನು ಮನೆಯಲ್ಲಿ ಎಲ್ಲರೆದುರು ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿ, ಅರ್ಜಿ ಹಾಕಲು ಕಡೆಯ ದಿನ ಯಾವುದೆಂದು ವಿಚಾರಿಸಿದರು. ಈಗ ತಂಗಿ ತರಬೇತಿಗೆ ಹೋಗುತ್ತಿದ್ದಾಳೆ. ಚರ್ಮದ ಪದರಗಳು, ಕೂದಲಿನ ಬೇರು, ಉಪಕರಣಗಳನ್ನು ಕ್ರಿಮಿರಹಿತವಾಗಿಡುವ ಕ್ರಮ, ಇವೆಲ್ಲವನ್ನೂ ರಾತ್ರಿ ಕುಳಿತು ಓದುತ್ತಾಳೆ. ಮುಂದೆ ಪಾರ್ಲರಿನಲ್ಲಿ ಕೆಲಸ ಮಾಡಬಹುದು, ಮದುವೆಮನೆಗಳಲ್ಲಿ ವಧುವಿನ ಅಲಂಕಾರಕ್ಕೆ ಹೋಗಬಹುದು, ಇನ್ನೂ ಕಲಿತು ಶಿಕ್ಷಕಿಯಾಗಬಹುದು. ಅವಳ ಆಸೆ ಮಾತ್ರ ನಮ್ಮ ಬೀದಿಯಲ್ಲೇ ಸ್ವಂತ ಅಂಗಡಿ ತೆರೆದು, ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಹುಡುಗಿಯರಿಗಾದರೂ ಕೆಲಸ ಕಲಿಸಬೇಕೆಂಬುದು.

ಭಾನುವಾರಗಳಲ್ಲಿ ಅವಳ ಅಭ್ಯಾಸಕ್ಕೆ ಸಿಗುವ ತಲೆ ನನ್ನದೇ. ಹೋದ ವಾರ ಕತ್ತರಿ ಸ್ವಲ್ಪ ಓರೆಯಾಗಿ ಹೋಯಿತು. ನಾನು ನಗಲಿಲ್ಲ.