ಡಾ. ಥಾಮಸ್ ಅಡಿಸನ್: ಪುಟ್ಟ ಗ್ರಂಥಿಯ ದೊಡ್ಡ ಗುಟ್ಟು

ಅಡಿಸನ್ ಎಂಬುದನ್ನು ನೀವು ಜೀವಶಾಸ್ತ್ರದ ಪುಸ್ತಕದಲ್ಲಿ ಒಂದು ಕಾಯಿಲೆಯ ಹೆಸರಾಗಿ ಓದಿರಬಹುದು. ಒಂದು ಅಂಕದ ಪ್ರಶ್ನೆಗೆ ಅಷ್ಟೇ ಸಾಕು. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯರ ಬದುಕನ್ನೂ ಸ್ವಲ್ಪ ತಿಳಿಯಿರಿ.

ಥಾಮಸ್ ಅಡಿಸನ್ 18ನೇ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಸಮೀಪದ ಲಾಂಗ್ ಬೆಂಟನ್‌ನಲ್ಲಿ ಹುಟ್ಟಿದರು. ತಂದೆ ದಿನಸಿ ಮತ್ತು ಹಿಟ್ಟಿನ ವ್ಯಾಪಾರಿ. ಮಗ ಲ್ಯಾಟಿನ್ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಪಾಠದ ಟಿಪ್ಪಣಿಗಳನ್ನು ಅದರಲ್ಲೇ ಬರೆದುಕೊಳ್ಳುತ್ತಿದ್ದರು. (ನೋಟ್ಸ್ ಬರೆಯಲು ಬೇಸರಪಡುವವರು ಗಮನಿಸಿ!) 1815ರಲ್ಲಿ ಎಡಿನ್‌ಬರೊದಲ್ಲಿ ಎಂ.ಡಿ. ಪಡೆದರು. ವೈದ್ಯರಾದ ಮೇಲೂ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಮುಂದೆ ಅಲ್ಲಿಯೇ ಹೆಸರಾಂತ ಬೋಧಕರಾದರು. ನೋಡುವವರಿಗೆ ಗರ್ವಿಷ್ಠರಂತೆ ಕಾಣುತ್ತಿದ್ದರೂ ಒಳಗೆ ತೀರಾ ಸಂಕೋಚದವರು. ಮಾತನಾಡಲು ಎದ್ದಾಗಲೆಲ್ಲ ಅವರಿಗೆ ಅಳುಕಾಗುತ್ತಿತ್ತಂತೆ.

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಎರಡು ಪುಟ್ಟ ಅಡ್ರಿನಲ್ ಗ್ರಂಥಿಗಳಿವೆ. ಅವುಗಳ ಕೆಲಸವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಲವು ರೋಗಿಗಳು ದಿನದಿಂದ ದಿನಕ್ಕೆ ಸೊರಗುತ್ತಾ, ಊಟ ಸೇರದೆ, ಮೈ ಕಪ್ಪಾಗುತ್ತಾ ಸಾಯುವುದನ್ನು ಅಡಿಸನ್ ಕಂಡರು. ಶವಪರೀಕ್ಷೆಯಲ್ಲಿ ಈ ಗ್ರಂಥಿಗಳು ಕೆಟ್ಟಿರುವುದು ತಿಳಿಯಿತು. ಕ್ಷಯವೇ ಹಲವರಲ್ಲಿ ಕಾರಣ. 1855ರಲ್ಲಿ 11 ರೋಗಿಗಳ ವಿವರ ಸೇರಿಸಿ ಪುಸ್ತಕ ಪ್ರಕಟಿಸಿದರು. ತಲೆಸುತ್ತು, ಆತಂಕ, ಸನ್ನಿಯಂಥ ಲಕ್ಷಣಗಳೂ ಅದರಲ್ಲಿ ದಾಖಲಾಗಿವೆ. ಎಡಿನ್‌ಬರೊದಲ್ಲಿ ಸಂಶಯಪಟ್ಟವರಿದ್ದರು. ಪ್ಯಾರಿಸ್ಸಿನ ಟ್ರೂಸೋ ಎಂಬ ವೈದ್ಯರು ಮಾತ್ರ ಒಪ್ಪಿ, ಕಾಯಿಲೆಗೆ ಅಡಿಸನ್ನರ ಹೆಸರನ್ನೇ ಇಟ್ಟರು.

ಈಗ ನಮಗೆ ಹೆಚ್ಚು ತಿಳಿದಿದೆ. ಈ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೆದುಳಿನ ಮೇಲೂ ಕೆಲಸ ಮಾಡುತ್ತದೆ. ಕಡಿಮೆಯಾದರೆ ನಿರುತ್ಸಾಹ, ಖಿನ್ನತೆ, ಸಿಡುಕು, ಮರೆವು. ತೀವ್ರವಾದಾಗ ಗೊಂದಲ, ಭ್ರಮೆ. ಹೆಚ್ಚಾದರೆ ಬರುವ ಕುಶಿಂಗ್ ಕಾಯಿಲೆಯಲ್ಲೂ ಖಿನ್ನತೆ ಸಾಮಾನ್ಯ. ಇಂಥವರನ್ನು ಮನೆಯವರು ಸೋಮಾರಿಯೆಂದು ಬೈದರೆ ಏನು ಪ್ರಯೋಜನ ಹೇಳಿ? ಬೇಕಾದದ್ದು ರಕ್ತಪರೀಕ್ಷೆ. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇರುವುದರಿಂದ ಸುಸ್ತು, ಮೈ ಕಪ್ಪಾಗುವುದು, ಉಪ್ಪಿನ ಬಯಕೆ ಒಟ್ಟಿಗೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. 1940ರ ದಶಕದ ಕೊನೆಯಲ್ಲಿ ಕಾರ್ಟಿಸೋನ್ ಬಳಕೆಗೆ ಬಂತು. ಅದನ್ನು ಕಂಡುಕೊಂಡವರಿಗೆ 1950ರಲ್ಲಿ ನೊಬೆಲ್ ಸಿಕ್ಕಿತು. ಇಂದು ದಿನವೂ ಮಾತ್ರೆ ನುಂಗಿ ರೋಗಿಗಳು ಚೆನ್ನಾಗಿಯೇ ಬದುಕುತ್ತಾರೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಪ್ರಾಣಕ್ಕೆ ಅಪಾಯ.

ಅಡಿಸನ್ನರಿಗೂ ಖಿನ್ನತೆಯಿತ್ತು. ತಾವು ಗುರುತಿಸಿದ ಕಾಯಿಲೆಯೇ ಅವರಿಗಿತ್ತೆನ್ನಲು ಆಧಾರವಿಲ್ಲ. ಮನಸ್ಸಿನ ನೋವಿಗೆ ಆ ಕಾಲದಲ್ಲಿ ಸರಿಯಾದ ಔಷಧಿಯೂ ಇರಲಿಲ್ಲ. 1860ರಲ್ಲಿ ಕೆಲಸ ಬಿಟ್ಟರು. ಬಿಡುವಾಗ ವಿದ್ಯಾರ್ಥಿಗಳಿಗೊಂದು ಪತ್ರ ಬರೆದರು: ತಮ್ಮ ಆರೋಗ್ಯ ಕುಸಿದಿದೆ, ಈ ವೃತ್ತಿಯ ಚಿಂತೆ ಹೊಣೆಗಳು ಈಗ ಭಯ ತರಿಸುತ್ತವೆ, ವಿದ್ಯಾರ್ಥಿಗಳು ತೋರಿದ ಕಾಳಜಿಯಷ್ಟು ಸಮಾಧಾನ ಬೇರಾವುದೂ ಕೊಡಲಾರದು ಎಂಬುದು ಅದರ ಸಾರ. ಅಷ್ಟು ದೊಡ್ಡ ವೈದ್ಯರು ತಮ್ಮ ಮನಸ್ಸಿನ ಕಷ್ಟವನ್ನು ಶಿಷ್ಯರಿಂದ ಮುಚ್ಚಿಡಲಿಲ್ಲ, ನೋಡಿ.

ಅದೇ ವರ್ಷ ಜೂನ್ 29ರಂದು ಬ್ರೈಟನ್ನಿನಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. 1847ರಲ್ಲಿ ಮದುವೆಯಾಗಿದ್ದ ಲಾನರ್‌ಕಾಸ್ಟ್‌ನಲ್ಲೇ ಅವರನ್ನು ಮಣ್ಣು ಮಾಡಲಾಯಿತು.